ಕರಿಕುದುರೆಗೆ ಒಪ್ಪುವ ಜೀನು

"ಕೇಳಿರಪ್ಪಾ ಕೇಳಿ! ಅರಸರ ಮಗಳು ಅಮ್ಮಣ್ಣಿ ಮಲ್ಲಾಜಿಯವರ ಲಾಯದಲ್ಲಿ ಮೂರು ಕುದುರೆಗಳಿವೆ. ಯಾವ ಮೈಬಣ್ಣಕ್ಕೆ ಯಾವ ಬಣ್ಣದ ಜೀನು ಒಪ್ಪುತ್ತೆ ಅಂತ ಅಮ್ಮಣ್ಣಿ ಮೂರು ಒಗಟು ಹೇಳ್ತಾರೆ. ಮೂರನ್ನೂ ಬಿಡಿಸಿದವನು ಬಾಯಿಬಿಟ್ಟು ಕೇಳಿದ್ದನ್ನ ಕೊಡ್ತೀವಿ. ಒಂದು ತಪ್ಪಿದರೂ ಸೆರೆಮನೆ, ಅಮಾವಾಸ್ಯೆಗೆ ತಲೆದಂಡ. ಇದು ಕಲಿಯರಸರ ಅಪ್ಪಣೆ!"

ಡಂಗುರ ಕೇಳಿದವರೆಲ್ಲ ಮೊದಲು ನಕ್ಕರು ಕಣಪ್ಪ. ಕುದುರೆಗೆ ಬಣ್ಣ ಆರಿಸೋದೇನು ಮಹಾ ವಿದ್ಯೆ ಅಂದುಕೊಂಡರು. ಹಾಗೆ ನಗುನಗುತ್ತ ಹೋದವರು ಒಬ್ಬೊಬ್ಬರಾಗಿ ಸೆರೆಮನೆ ಸೇರಿದರು. ಅವರಲ್ಲಿ ಬಳೆಗಾರ ಬೋರಣ್ಣನೂ ಒಬ್ಬ. ನಾಳೆ ಅಮಾವಾಸ್ಯೆ. ಮನೆಯಲ್ಲಿ ಅವನ ಹೆಂಡತಿ ತುಂಬು ಬಸುರಿ, ಅನ್ನ ನೀರು ಬಿಟ್ಟು ಬಾಗಿಲಲ್ಲೇ ಕೂತಿದ್ದಳು.

ಬೋರಣ್ಣನ ತಮ್ಮ ಚಲುವ ಎದ್ದ. "ಅತ್ತಿಗೆ, ನಾನು ಹೋಗಿ ಬರ್ತೀನಿ."

"ಬೇಡ ಕಣೋ, ಇದ್ದೊಬ್ಬ ಮೈದುನನೂ ಹೋದರೆ ನನಗ್ಯಾರು?"

"ಊರಿಗೆಲ್ಲ ಬಳೆ ತೊಡಿಸಿದ ಕೈ ಇದು. ನಿನ್ನ ಕೈಬಳೆ ಒಡೆಯೋದನ್ನ ನೋಡ್ಕೊಂಡು ಕೂರಲಾರೆ" ಅಂದವನೇ ಹೊರಟ.

ಬೋರಣ್ಣನ ತಮ್ಮ ಅಂತ ಹೇಳಿಕೊಂಡು ಅರಮನೆಯ ಅಂಗಳ ಹೊಕ್ಕರೆ ಅಲ್ಲಿ ಆವತ್ತು ಇನ್ನಿಬ್ಬರಿದ್ದರು. ಒಬ್ಬ ಜವಳಿ ವ್ಯಾಪಾರಿ, ಇನ್ನೊಬ್ಬ ಪಕ್ಕದ ಸೀಮೆಯ ಪಾಳೆಯಗಾರನ ಮಗ. ಇವನ ಹೆಗಲ ಮೇಲೆ ಹಗ್ಗಕ್ಕೆ ಬಳೆ ಪೋಣಿಸಿದ ಮಲಾರ ಕಂಡು ಪಾಳೆಯಗಾರನ ಮಗ, "ಏನಯ್ಯಾ, ಕುದುರೆಗೂ ಬಳೆ ತೊಡಿಸ್ತೀಯಾ?" ಅಂತ ಹಂಗಿಸಿದ.

ಎತ್ತರದ ಪೀಠದಲ್ಲಿ ಅರಸ ಕೂತಿದ್ದ, ಮೊಣಕಾಲ ಮೇಲೆ ಕತ್ತಿ. ಅಮ್ಮಣ್ಣಿ ಒಂದು ಕುದುರೆಮರಿಯನ್ನು ಹಿಡಿದು ತಂದಳು. "ಇದು ಹುಟ್ಟಿದಾಗ ಕಾಡಿಗೆ ಕಪ್ಪು. ಪ್ರಾಯಕ್ಕೆ ಬಂದಾಗ ಬೂದಿ ಬಣ್ಣ. ಮುಪ್ಪಿಗೆ ಹಾಲು ಬಿಳುಪು. ಇದರ ಬಾಳಿಗೆಲ್ಲ ಜೀನಿಗೆ ಒಂದೇ ಬಣ್ಣ ಅಂತ ಗೊತ್ತು ಮಾಡಬೇಕು. ಯಾವುದು?"

ವ್ಯಾಪಾರಿ ಗಡ್ಡ ನೀವಿಕೊಂಡ. "ಕಪ್ಪಿಗೂ ಬಿಳುಪಿಗೂ ನಡುವಿನದು ಬೂದಿ. ಬೂದಿ ಬಣ್ಣವೇ ಸರಿ."

"ಪ್ರಾಯದ ಕಾಲಕ್ಕೆ ಜೀನು ಮೈಯಲ್ಲೇ ಕರಗಿಹೋಗುತ್ತಲ್ಲ!" ಅಂದಳು ಅಮ್ಮಣ್ಣಿ. ಭಟರು ಅವನ ರೆಟ್ಟೆ ಹಿಡಿದರು. ಅವನು ಕೂಗಿಕೊಂಡದ್ದು ಸೆರೆಮನೆಯ ಬಾಗಿಲು ಹಾಕುವವರೆಗೂ ಕೇಳಿಸಿತು.

ಚಲುವ ಮುಂದೆ ಬಂದ. "ಕೆಂಪು, ಅಮ್ಮಣ್ಣಿ. ಹರೆಯದ ಹುಡುಗಿಯ ಕರಿಜಡೆಗೂ ಅವಳಜ್ಜಿಯ ನರೆತ ತುರುಬಿಗೂ ಕೆಂಪು ಹೂವು ಒಪ್ಪುತ್ತೆ. ನಡುವಿನ ವಯಸ್ಸಿನವಳು ಮುಡಿದರೂ ಚಂದವೇ."

"ನಂದೂ ಅದೇ!" ಅಂದ ಪಾಳೆಯಗಾರನ ಮಗ.

"ಹೌದಾ? ಹಾಗಾದರೆ ಎರಡನೆಯದನ್ನ ನೀನೇ ಮೊದಲು ಹೇಳು" ಅಂದಳು ಅಮ್ಮಣ್ಣಿ.

ಅಂಗಳದ ಮೂಲೆಯಲ್ಲಿ ಅರಿಶಿನ ಬಣ್ಣದ ಬಟ್ಟೆಯ ಚಪ್ಪರ. ಅದರ ಕೆಳಗೆ ಹೊಂಬಣ್ಣದ ಕುದುರೆ. "ಈ ಕುದುರೆ ನಿಮ್ಮ ಕಣ್ಣಿಗೆ ಸುಳ್ಳು ಹೇಳ್ತಿದೆ. ಇದರ ನಿಜವಾದ ಬಣ್ಣ ಯಾವುದು, ಅದಕ್ಕೆ ಒಪ್ಪುವ ಜೀನು ಯಾವುದು?"

"ಬಣ್ಣ ಬಳಿದು ತಂದಿದ್ದಾರೆ" ಅಂತ ಪಾಳೆಯಗಾರನ ಮಗ ನೀರು ತರಿಸಿ ಉಜ್ಜಿದ. ಅಂಗೈಗೆ ಏನೂ ಹತ್ತಲಿಲ್ಲ. "ಹೊಂಬಣ್ಣವೇ ನಿಜ, ಹಸಿರು ಜೀನು ಹಾಕಿ" ಅಂದ. ಅವನನ್ನೂ ಎಳೆದುಕೊಂಡು ಹೋದರು.

ಚಲುವ ಲಗಾಮು ಹಿಡಿದ. "ಬಿಸಿಲಿಗೆ ಕರ್ಕೊಂಡು ಹೋಗಲಾ?"

"ಬೇಡ ಅಂದವರು ಯಾರು?" ಅಂದಳು ಅಮ್ಮಣ್ಣಿ.

ನಾವು ಸೀರೆ ಕೊಳ್ಳುವಾಗ ಅಂಗಡಿಯ ಬಾಗಿಲಿಗೆ ತಂದು ಬೆಳಕಿಗೆ ಹಿಡಿದು ನೋಡೋದಿಲ್ಲವೇ? ಅದೇ ಕೆಲಸ. ಚಪ್ಪರ ದಾಟಿದ್ದೇ ತಡ, ಕುದುರೆ ಮಲ್ಲಿಗೆ ಬಿಳುಪು! "ಚಪ್ಪರದ ಹಳದಿ ಮೈಮೇಲೆ ಬಿದ್ದಿತ್ತು ಅಷ್ಟೇ. ಬಿಳುಪಿಗೆ ನವಿಲುನೀಲಿ ಹಾಕಿ ಅಮ್ಮಣ್ಣಿ."

ಅಮ್ಮಣ್ಣಿ ತಲೆದೂಗಿದಳು. ಆದರೆ ಅವಳ ಮುಖದ ನಗು ಆರಿಹೋಯಿತು. ಮೂರನೆಯ ಕುದುರೆಯನ್ನು ತಾನೇ ನಡೆಸಿಕೊಂಡು ಬಂದಳು. ಕರಿಕುದುರೆ, ಬೆನ್ನ ಮೇಲೆ ಅಡ್ಡಕ್ಕೆ ಒಂದು ಬಿಳಿ ಪಟ್ಟೆ.

"ಇದು ಹುಟ್ಟಿದಾಗ ಈ ಬಿಳುಪು ಇರಲಿಲ್ಲ. ಯಾರೂ ಬಳಿದದ್ದಲ್ಲ, ತೊಳೆದರೆ ಹೋಗಲ್ಲ. ಎಲ್ಲಿಂದ ಬಂತು? ಇದರ ಮೇಲೆ ಯಾವ ಬಣ್ಣದ ಜೀನು ಒಪ್ಪುತ್ತೆ? ನಿಮ್ಮಣ್ಣ ಇಲ್ಲೇ ಸೋತ. ಬಿಳುಪು ದೇವರು ಕೊಟ್ಟದ್ದು, ಬಿಳಿ ಜೀನು ಹಾಕಿ ಅಂದ."

ಚಲುವ ಬೆನ್ನ ಕಡೆ ಕೈಚಾಚಿದ. ಕೈ ತಾಗುವ ಮೊದಲೇ ಕುದುರೆ ಬೆನ್ನು ಕುಗ್ಗಿಸಿ ನಡುಗಿತು. ಅವನಿಗೆ ಅರ್ಥವಾಯಿತು. ಆದರೆ ಹೇಳೋದು ಹೇಗೆ? "ಬುದ್ಧಿ, ಈ ಕುದುರೆ ಯಾರ ಸವಾರಿಯದು?" ಅಂತ ಅರಸನನ್ನೇ ಕೇಳಿದ.

"ನನ್ನದು. ಯುದ್ಧಗಳಿಗೆಲ್ಲ ಇದರ ಮೇಲೇ ಹೋಗಿದ್ದೇನೆ. ಯಾಕೆ?" ಅರಸನ ಕೈ ಕತ್ತಿಯ ಹಿಡಿಗೆ ಹೋಯಿತು.

ಸುಳ್ಳು ಹೇಳಿದರೆ ನಾಳೆ ತಲೆ ಹೋಗುತ್ತೆ, ನಿಜ ಹೇಳಿದರೆ ಈಗಲೇ. ಚಲುವ ಮಲಾರ ಇಳಿಸಿ, ಅಂಗಿ ಸರಿಸಿ ಹೆಗಲು ತೋರಿಸಿದ. ಹಗ್ಗ ಉಜ್ಜಿ ಜಡ್ಡುಗಟ್ಟಿದ ಗುರುತು.

"ಹೊರೆ ಹೊತ್ತವರ ಮೈಯಲ್ಲಿ ಹೀಗೆ ಉಳೀತದೆ ಬುದ್ಧಿ. ಬಿಗಿ ಜೀನು ಉಜ್ಜಿ ಗಾಯವಾಗಿದೆ. ಮಾಗೋಕೆ ಬಿಡದೆ ಮತ್ತೆ ಮತ್ತೆ ಬಿಗಿದಿದ್ದಾರೆ. ಅಂಥ ಗಾಯದ ಮೇಲೆ ಹುಟ್ಟೋ ಕೂದಲು ಬೆಳ್ಳಗೆ ಬರ್ತದೆ. ನಾನು ಎಷ್ಟು ಚಂದದ ಬಳೆ ತಂದರೂ ಅಳತೆ ಕಿರಿದಾದರೆ ಕೈಗೆ ಏರಿಸೋದಿಲ್ಲ. ಇದರ ಬೆನ್ನಿಗೆ ಯಾವ ಬಣ್ಣದ ಜೀನೂ ಒಪ್ಪೋದಿಲ್ಲ. ಬರಿಮೈಯೇ ಒಪ್ಪೋದು."

ಅರಸ ಧಡಕ್ಕನೆ ಎದ್ದು ಇಳಿದು ಬಂದ. ಚಲುವ ಕಣ್ಣು ಮುಚ್ಚಿದ. ಅರಸ ಅವನನ್ನು ದಾಟಿ ಹೋಗಿ ಕುದುರೆಯ ಬೆನ್ನಿಗೆ ಕೈಚಾಚಿದ. ಕುದುರೆ ಹಗ್ಗ ಜಗ್ಗಿಕೊಂಡು ಹಿಂದೆ ಹಿಂದೆ ಹೋಯಿತು. ಅಷ್ಟು ಯುದ್ಧಗಳಲ್ಲಿ ಹೊತ್ತು ತಂದ ಪ್ರಾಣಿ, ಒಡೆಯನ ಕೈಗೇ ಹೆದರಿತು.

"ನಾನು ಹೇಳಿದಾಗ ನೀವು ಕೇಳಲಿಲ್ಲ ಅಪ್ಪಾಜಿ. ಹೊರಗಿನವರ ಬಾಯಲ್ಲಾದರೂ ಕೇಳ್ತೀರಿ ಅಂತ ಈ ಒಗಟು ಕಟ್ಟಿದೆ. ತಲೆದಂಡ ಸೇರಿಸಿದ್ದು ಮಾತ್ರ ನೀವು" ಅಂದಳು ಮಗಳು.

ಅರಸನ ಕತ್ತಿ ಕೈಜಾರಿ ನೆಲಕ್ಕೆ ಬಿತ್ತು. "ಕೇಳಪ್ಪಾ, ಏನು ಬೇಕು?"

"ನಮ್ಮಣ್ಣ ಬೇಕು ಬುದ್ಧಿ. ಒಳಗಿರೋ ಎಲ್ಲರೂ ಯಾರಿಗೋ ಅಣ್ಣ ತಮ್ಮ ಆಗಿರ್ತಾರೆ. ಅವರನ್ನೂ ಬಿಡಿ."

ಸೆರೆಮನೆಯ ಬಾಗಿಲು ತೆರೆಯಿತು. ಅರಸ ಕೊಟ್ಟ ಹೊಲಮನೆಯ ಜೊತೆಗೆ ಅಮ್ಮಣ್ಣಿ ಕರಿಕುದುರೆಯ ಹಗ್ಗವನ್ನೂ ಚಲುವನ ಕೈಗಿತ್ತಳು.

ಅಣ್ಣತಮ್ಮಂದಿರು ಕುದುರೆಯ ಅಕ್ಕಪಕ್ಕ ನಡೆದುಕೊಂಡು ಊರಿಗೆ ಹೊರಟರು. ಕುದುರೆ ಇಟ್ಟುಕೊಂಡು ನಡೀತಾರಲ್ಲ ಅಂತ ದಾರಿಯವರೆಲ್ಲ ನಕ್ಕರು. ಹೊತ್ತು ಏರಿದಾಗ ಬೋರಣ್ಣ ನಿಂತ. "ಲೋ ಚಲುವಾ, ಕಾಲು ನೋಯ್ತಿದೆ ಕಣೋ. ಒಂದಿಷ್ಟು ದೂರ ಹತ್ತಲಾ?"

"ನೋಯಲಿ ಬಿಡಣ್ಣ. ಕಾಲು ನೋಯ್ತಿದೆ ಅನ್ನೋಕೆ ತಲೆ ಇದೆಯಲ್ಲ, ನಡಿ."

ಬೋರಣ್ಣ ಕುತ್ತಿಗೆ ತಡವಿಕೊಂಡು, ನಗುತ್ತ ನಡೆದ.