ಕೋತಿ ಕಲಿತ ಜಪಾನಿ

ಜಪಾನಿನಿಂದ ಕೊಕ್ಕರೆಯೊಂದು ಕೆರೆಗೆ ಅತಿಥಿಯಾಗಿ ಬರುತ್ತದೆಂದು ತಿಳಿದು ಎಮ್ಮೆಯೂ ಕೋತಿಯೂ ಜಪಾನಿ ಭಾಷೆ ಕಲಿಯತೊಡಗಿದವು. ಜಪಾನಿ ಬರೆದ ಕಾರ್ಡುಗಳ ಡಬ್ಬಿಯಿಂದ ಎಮ್ಮೆ ದಿನಕ್ಕೆರಡೇ ಹೊಸ ಕಾರ್ಡು ತೆಗೆದು ಓದುತ್ತಿತ್ತು. ಅದೂ ನಿನ್ನೆಯವನ್ನು ಮೆಲುಕು ಹಾಕಿದ ಮೇಲೆ.

"ಹೀಗೆ ಓದಿದರೆ ನೀವು ಮಾತಾಡಿಸುವುದು ಅತಿಥಿಯ ಮೊಮ್ಮಕ್ಕಳನ್ನು, ಎಮ್ಮಕ್ಕ," ಎಂದ ಕೋತಿ, ಡಬ್ಬಿಯಲ್ಲಿದ್ದ ಅಕ್ಷರ, ವಾಕ್ಯಗಳನ್ನೆಲ್ಲ ಒಂದೇ ಮಧ್ಯಾಹ್ನ ಉರು ಹೊಡೆಯಿತು.

"ಇನ್ನೊಮ್ಮೆ ನೋಡುವುದಿಲ್ಲವೇ?" ಎಂದಿತು ಎಮ್ಮೆ.

"ನನಗೇನು ಮರೆವೇ?"

ಕೊಕ್ಕರೆ ಬಂದಿಳಿಯಿತು. ಎಮ್ಮೆ ಜಪಾನಿಯಲ್ಲಿ, "ಬನ್ನಿ, ನೀರು ತಣ್ಣಗಿದೆ," ಎಂದಿತು. ಅದಕ್ಕೆ ಬರುತ್ತಿದ್ದುದು ಅಷ್ಟೇ. ಕೋತಿ ಮುಂದೆ ಬಂತು. "ಮೀನು ಇದೆ, ದಯವಿಟ್ಟು ತಿನ್ನಿ" ಎನ್ನಬೇಕಿತ್ತು. ತಲೆಯಲ್ಲಿ ಕಾರ್ಡುಗಳೆಲ್ಲ ಕಲಸಿಹೋಗಿ, "ನಾನು ಮೀನು, ದಯವಿಟ್ಟು ತಿನ್ನಿ," ಎಂದು ನಡುಬಗ್ಗಿಸಿ ಕೇಳಿಕೊಂಡಿತು.

ಅತಿಥಿಗೆ ದಾಕ್ಷಿಣ್ಯ ಜಾಸ್ತಿ. ಇಲ್ಲವೆನ್ನಲಾರದೆ ಬಾಲದಿಂದ ಶುರುಮಾಡಿತು.