ಬೆಲ್ಲ ತಿಂದ ದಂಡು

"ನನ್ನ ಸೀಮೆಯಲ್ಲಿ ನೊಣ ಹಾರಿದರೂ ತೆರಿಗೆ ಕೊಟ್ಟೇ ಹಾರಬೇಕು!" ನೆಲ್ಲಿದುರ್ಗದ ಕೆಂಚಪ್ಪನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಸಭೆ "ಭಲೆ, ಭಲೆ" ಎಂದಿತು. ಆಸ್ಥಾನದ ವಿಕಟಕವಿ ಸಿಂಗರಸ ಮಾತ್ರ ಕೆಮ್ಮಿದ.

ಕೆಮ್ಮು ಸುಮ್ಮನೆ ಬಂದದ್ದಲ್ಲ. ಮೊನ್ನೆಮೊನ್ನೆಯವರೆಗೆ ನೆಲ್ಲಿದುರ್ಗ ದೊಡ್ಡ ಅರಸನಿಗೆ ಕಪ್ಪ ಕಟ್ಟುತ್ತಿತ್ತು. "ನಮ್ಮನ್ನು ಕೇಳದೆ ನಮ್ಮಿಂದ ತೆರಿಗೆ ಎತ್ತಲು ಅವನ್ಯಾರು?" ಎಂದು ಊರೂರು ಸುತ್ತಿ ಜನ ಕಟ್ಟಿದವನು ಇದೇ ಕೆಂಚಪ್ಪನಾಯಕ. ಜನ ದೊಣ್ಣೆ ಹಿಡಿದು ಬಂದರು, ದೊಡ್ಡ ಅರಸನ ದಂಡು ಓಡಿತು, ಇವನು ಗದ್ದುಗೆ ಏರಿದ. ಏರಿದ ಮೇಲೆ ತಿಳಿಯಿತು: ಗದ್ದುಗೆಗೆ ಕಾವಲು ಬೇಕು, ಕಾವಲಿಗೆ ಸಂಬಳ ಬೇಕು. ಬೊಕ್ಕಸದ ನಾಗಪಯ್ಯ ದಾರಿ ತೋರಿಸಿದ. ಬೆಲ್ಲಕ್ಕೆ ತೆರಿಗೆ ಹಾಕುವುದು, ಅದೂ ನಾಣ್ಯದಲ್ಲೇ ಎತ್ತುವುದು.

ಬೆಲ್ಲ ಮಾಡುವವರು ಮೇಲ್ಸೀಮೆಯ ಗುಡ್ಡದ ಜನ. ಗಾಡಿ ಕಣಿವೆ ಇಳಿಯುವಷ್ಟರಲ್ಲಿ ಕಬ್ಬು ಒಣಗುತ್ತದೆಂದು ಅಲ್ಲೇ ಆಲೆಮನೆಯಲ್ಲಿ ಅರೆದು, ಕಾಯಿಸಿ, ಬೆಲ್ಲ ಹೊಯ್ಯುತ್ತಿದ್ದರು. ಕಮ್ಮಾರನಿಗೂ ಬೆಲ್ಲವೇ ಕೂಲಿ, ಮದುವೆ ಮುಯ್ಯಿಗೂ ಬೆಲ್ಲವೇ. ನಾಣ್ಯವನ್ನು ಕಣ್ಣಲ್ಲಿ ಕಂಡವರೇ ಕಡಿಮೆ. ಹಾಗೆಂದು ಹೇಳಿದರೆ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತಾಯಿತು. ಅವನು ಕುದಿಯುವ ಕೊಪ್ಪರಿಗೆಯನ್ನೇ ಜಪ್ತಿ ಮಾಡಲು ಹೋದ. ಜನ ಅವನ ಮೈತುಂಬ ಜೋನಿಬೆಲ್ಲ ಬಳಿದು, ಬೂರುಗದ ಹತ್ತಿಯಲ್ಲಿ ಹೊರಳಿಸಿ, ಮೇಳದ ಸಮೇತ ಊರ ಗಡಿ ದಾಟಿಸಿದರು.

ಆ ಸುಂಕದವನೇ ಈಗ ಸಭೆಯ ನಡುವೆ ಮೈ ಕೆರೆದುಕೊಳ್ಳುತ್ತ ನಿಂತಿದ್ದ. ದಾರಿಯ ಇರುವೆಗಳೂ ಜೊತೆಗೆ ಬಂದಿದ್ದವು.

"ದಂಡು ಹೊರಡಲಿ!" ನಾಯಕ ಗುಡುಗಿದ. "ಆ ಊರ ಸಣ್ಣೀರೇಗೌಡನನ್ನು ನೇಣಿಗೆ ಹಾಕಿಯೇ ನಾನು ಹಿಂದಿರುಗುವುದು!"

ಸಿಂಗರಸ ಒಂದು ಹೆಜ್ಜೆ ಮುಂದೆ ಬಂದ. ಕೆಂಚಪ್ಪನಾಯಕನ ದಂಗೆಗೆ ಮೊದಲು ದೊಣ್ಣೆ ಹಿಡಿದು ಬಂದವನು ಅದೇ ಸಣ್ಣೀರೇಗೌಡ. ಪಾಪದ ಮನುಷ್ಯ, ಮಾತು ಕಡಿಮೆ. ಆದರೆ ಬೇಡವೆಂದರೆ ನಾಯಕ ಇನ್ನಷ್ಟು ಕೆರಳುವ ಜಾತಿ.

"ನೇಣು ಸರಿಯಾದದ್ದೇ ಪ್ರಭು," ಎಂದ ಸಿಂಗರಸ. "ಆದರೆ ಆಜ್ಞೆ ಬಿಗಿಯಾಗಿರಬೇಕು. ತೆರಿಗೆ ಯಾರು ಕೊಡಬೇಕು?"

"ಬೆಲ್ಲ ಯಾರ ಕೈ ಸೇರಿದೆಯೋ ಅವನು!"

"ಎಲ್ಲ ತಿಂದುಬಿಟ್ಟೆ, ಈಗ ಏನೂ ಇಲ್ಲ ಅಂದರೆ?"

"ತಿಂದವನು ಎರಡು ಪಟ್ಟು ಕೊಡಲಿ!"

"ಕೊಡುವುದಿಲ್ಲ ಅಂದರೆ?"

"ನೇಣು!"

"ಯಾರೇ ಆಗಲಿ?"

"ಯಾರೇ ಆಗಲಿ! ನನ್ನ ಹೆತ್ತ ಮಗನೇ ಆಗಲಿ! ಡಂಗುರ ಹೊಡೆಸು!"

ಸಿಂಗರಸ ಡಂಗುರ ಹೊಡೆಸಿದ. ಆಮೇಲೆ ದಂಡಿಗಿಂತ ಮೊದಲೇ ಕುದುರೆ ಏರಿ ಮೇಲ್ಸೀಮೆಗೆ ಹೋದ.

ಊರಲ್ಲಿ ಗಂಡಸರು ದೊಣ್ಣೆ ಹುಡುಕುತ್ತಿದ್ದರು. ಆಲೆಮನೆಯ ಒಡತಿ ಬೋರಕ್ಕ ಕೇಳಿದಳು: "ಏನ್ ಮಾಡದು ಸ್ವಾಮಿ? ಬಡಿದಾಡದಾ, ಓಡಿಹೋಗದಾ?"

"ಎರಡೂ ಬೇಡ ಕಣಕ್ಕ. ಆಲೆಮನೆಗೆ ಯಾರಾದರೂ ಬಂದರೆ ನೀವು ಏನು ಮಾಡುತ್ತೀರಿ?"

"ಇದೇನ್ ಕೇಳ್ತೀರಿ! ಹಗೆನೇ ಬರ್ಲಿ, ಬರಿ ಬಾಯಲ್ಲಿ ಕಳ್ಸಾಕಾಯ್ತದಾ? ಕಬ್ಬಿನ ಹಾಲು ಕುಡ್ಸಿ, ಬಿಸಿಬೆಲ್ಲ ತಿನ್ನಿಸಿ, ಮನೆಗೂ ಒಂದಷ್ಟು ಕಟ್ಟಿ ಕಳ್ಸದು."

"ಅಷ್ಟೇ ಮಾಡಿ. ಒಂದಚ್ಚೂ ಉಳಿಸಬೇಡಿ."

ಮರುದಿನ ದಂಡು ಗುಡ್ಡ ಹತ್ತಿ ಬಂತು. ಹೊಟ್ಟೆ ಬೆನ್ನಿಗೆ ಅಂಟಿತ್ತು; ಸಂಬಳ ಕಾಣದೆ ತಿಂಗಳುಗಳಾಗಿದ್ದವು. ಸಣ್ಣೀರೇಗೌಡ ತಾನೇ ಎದುರು ಬಂದು ಕೈಮುಗಿದ. ನಾಯಕ ಅವನನ್ನು ಹುಣಸೆಮರದ ಕೆಳಗೆ ನಿಲ್ಲಿಸಿ, ಕುತ್ತಿಗೆಗೆ ಹಗ್ಗ ಹಾಕಿಸಿದ.

ಅಷ್ಟರಲ್ಲಿ ಗಾಳಿಯಲ್ಲಿ ಬಿಸಿಬೆಲ್ಲದ ಘಮ ತೇಲಿಬಂತು. ಸಿಪಾಯಿಗಳ ಕಾಲು ತಾವಾಗಿಯೇ ಆಲೆಮನೆಯ ಕಡೆ ತಿರುಗಿದವು. ಬೋರಕ್ಕ ಚೊಂಬುಚೊಂಬು ಕಬ್ಬಿನ ಹಾಲು ಕೊಟ್ಟಳು, ಕೊಬ್ಬರಿ ಸೇರಿಸಿದ ಬಿಸಿಬೆಲ್ಲ ಬಡಿಸಿದಳು. ನಾಯಕನೂ ಮೊದಲು ಬೇಡವೆಂದ, ಆಮೇಲೆ ಚೂರು ಎಂದ, ಕೊನೆಗೆ ಬೆರಳು ನೆಕ್ಕಿದ. ತಿನ್ನಲಾರದ ಅಚ್ಚುಗಳನ್ನೆಲ್ಲ ಸಿಪಾಯಿಗಳು ಹೆಗಲವಸ್ತ್ರದಲ್ಲಿ ಕಟ್ಟಿಕೊಂಡರು.

ತೇಗಿದ ಮೇಲೆ ನಾಯಕನಿಗೆ ಬಂದ ಕೆಲಸ ನೆನಪಾಯಿತು. "ನಾಗಪಯ್ಯ, ಊರ ಬೆಲ್ಲವನ್ನೆಲ್ಲ ತೂಗಿ ತೆರಿಗೆ ಎತ್ತು!"

ನಾಗಪಯ್ಯ ಮನೆಮನೆ ಜಾಲಾಡಿ ಬರಿಗೈಲಿ ಬಂದ. "ಊರಲ್ಲಿ ಒಂದು ಚೂರೂ ಇಲ್ಲ ಪ್ರಭು!"

"ಎಲ್ಲಿ ಹೋಯಿತು?"

ಸಿಂಗರಸ ಕೈಮುಗಿದ. "ಎಲ್ಲೂ ಹೋಗಿಲ್ಲ, ತಮ್ಮ ಕಣ್ಣೆದುರೇ ಸಾಲಾಗಿ ನಿಂತಿದೆ. ಅರ್ಧ ಗಂಟಿನಲ್ಲಿ, ಅರ್ಧ ಹೊಟ್ಟೆಯಲ್ಲಿ. ನಾಗಪಯ್ಯನವರೇ, ತಕ್ಕಡಿ ತನ್ನಿ. ದಂಡಿನಿಂದ ಶುರುಮಾಡೋಣವೋ, ಪ್ರಭುಗಳಿಂದಲೋ? ತಿಂದವರದು ಎರಡು ಪಟ್ಟು, ಮರೆಯಬೇಡಿ."

ದಂಡಿನಲ್ಲಿ ಗುಜುಗುಜು ಎದ್ದಿತು. "ಸಂಬಳವೇ ಇಲ್ಲ, ತೆರಿಗೆ ಎಲ್ಲಿಂದ ತರೋಣ?" ಎಂದ ಒಬ್ಬ. ಇನ್ನೊಬ್ಬ ಆಗಲೇ ಭರ್ಜಿ ಹುಡುಕುತ್ತಿದ್ದ.

ನಾಯಕನ ಮುಖ ಕೆಂಪಾಯಿತು. "ಬಾಯಿಗೆ ಹಾಕಿದ ತುತ್ತಿಗೂ ತೆರಿಗೆಯೇ? ಇದ್ಯಾವ ಸೀಮೆ ನ್ಯಾಯ! ಕಾಸು ನನ್ನ ಸೊಂಟದಲ್ಲಿ ಬೆಳೆಯುತ್ತದೆಯೇ? ನಾನು ಕೊಡುವುದಿಲ್ಲ, ಅದೇನು ಮಾಡುತ್ತೀರೋ ಮಾಡಿ!"

ಸಿಂಗರಸ ಮೆಲ್ಲಗೆ ಹುಣಸೆಮರದ ಕಡೆ ತಿರುಗಿದ.

"ಗೌಡರೇ, ಸ್ವಲ್ಪ ಸರಿದು ನಿಂತುಕೊಳ್ಳಿ. ಪ್ರಭುಗಳಿಗೂ ಜಾಗ ಬೇಕು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಇಡೀ ದಂಡು ನಕ್ಕಿತು. ಅಷ್ಟು ಜನ ಭರ್ಜಿ ಹಿಡಿದು ನಗುವಾಗ ತಾನೂ ನಗುವುದೇ ಕ್ಷೇಮವೆಂದು ನಾಯಕನಿಗೆ ಹೊಳೆಯಿತು. ನಕ್ಕ. ನಗುತ್ತ ನಗುತ್ತ ನಿಜವಾಗಿಯೂ ನಗು ಬಂತು. ಹೆಗಲ ಶಾಲನ್ನು ಸಿಂಗರಸನಿಗೆ ಹೊದಿಸಿದ.

"ಆಯಿತು ಗೌಡ, ಸೋತೆ. ಸೀಮೆ ನಡೆಯಬೇಕಲ್ಲ, ಬೊಕ್ಕಸಕ್ಕೆ ಏನು ಕೊಡುತ್ತೀರಿ, ಎಷ್ಟು ಕೊಡುತ್ತೀರಿ? ನೀವೇ ಹೇಳಿ."

ಸಣ್ಣೀರೇಗೌಡ ಅವತ್ತು ಮೊದಲ ಸಲ ಬಾಯಿ ತೆರೆದ.

"ಊರೋರೆಲ್ಲ ಕೂತು ಮಾತಾಡಿ ಹೇಳ್ತೀವಿ ಬುದ್ಧಿ. ಮೊದ್ಲು ಈ ಹಗ್ಗ ಬಿಚ್ಸಿ. ಇದು ಕುತ್ಗೇಲಿರೋವಾಗ ಎಷ್ಟು ಕೇಳಿದ್ರೂ ಹೂಂ ಅನ್ನಂಗಾಯ್ತದೆ."