ಮಣ್ಣಿನ ಗುಂಡಿಯಿಂದ ಬಂದ ಕರೆ

“ಗುರುಗಳೇ, ಶುಭದ ಮುಂದೆ ಒಂದು ‘ಅ’ ಕೂತರೆ ಸಾಕು, ಅದು ಅಶುಭ. ಹುಡುಗನ ಹಿಂದೆ ‘ತನ’ ಸೇರಿದರೆ ಹುಡುಗನೇ ಇರುವುದಿಲ್ಲ, ಹುಡುಗತನ ಇರುತ್ತದೆ. ಅಷ್ಟು ಸಣ್ಣ ಚೂರಿಗೆ ಇಡೀ ಮಾತನ್ನು ಬದಲಿಸುವ ಶಕ್ತಿ ಎಲ್ಲಿಂದ ಬರುತ್ತದೆ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ಕುಂಬಾರನಿದ್ದ. ಹೆಂಡತಿ ತೀರಿಕೊಂಡ ಮೇಲೆ ಮತ್ತೊಂದು ಮದುವೆಯಾದ. ಮೊದಲನೆಯವಳಿಗೆ ನೀಲಿ ಎಂಬ ಪುಟ್ಟ ಮಗಳಿದ್ದಳು. ಹೊಸಬಳು ಮನೆಗೆ ಬಂದ ದಿನವೇ ಅಜ್ಜಿ ಮೊಮ್ಮಗಳನ್ನು ಕರೆದು, ಇವಳು ನಿನಗೆ ಚಿಕ್ಕಮ್ಮ, ಬರೀ ಅಮ್ಮ ಅನ್ನಬೇಡ, ಆ ಮಾತು ಸತ್ತವಳದು ಎಂದು ಕಟ್ಟುನಿಟ್ಟಾಗಿ ಹೇಳಿದಳು. ಹಿರಿಯರ ಹಬ್ಬದಲ್ಲಿ ಎಡೆ ಇಟ್ಟು, ಅಂಗಳದಲ್ಲಿ ನಿಂತು, ‘ಅಮ್ಮಾ, ಉಣ್ಣು ಬಾ’ ಎಂದು ಕಾಗೆಯನ್ನು ಕರೆಯುವಾಗ ಮಾತ್ರ ಹುಡುಗಿಯ ಬಾಯಲ್ಲಿ ಆ ಮಾತು ಬರುತ್ತಿತ್ತು. ಹೊಸಬಳು ಒಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ನೀಲಿಯ ತಲೆ ಬಾಚುತ್ತಿದ್ದವಳು, ಜ್ವರ ಬಂದಾಗ ಮಡಿಲಲ್ಲಿ ಮಲಗಿಸಿಕೊಳ್ಳುತ್ತಿದ್ದವಳು ಅವಳೇ. ಆದರೂ ಕೆರೆಯಂಗಳಕ್ಕೆ ಮಣ್ಣಿಗೆ ಹೋದಾಗ ಓರಗೆಯ ಹೆಂಗಸರು, “ಏನೇ ಚಿಕ್ಕಮ್ಮ, ನೀನು ದೊಡ್ಡವಳಾಗೋದು ಯಾವಾಗ?” ಎಂದು ಕಿಚಾಯಿಸುತ್ತಿದ್ದರು. ಅವಳೂ ನಗುತ್ತಿದ್ದಳು. ನಕ್ಕು, ಮಂಕರಿ ತುಂಬಿಕೊಳ್ಳುತ್ತಿದ್ದಳು.

ಒಣಗಿದ ಕೆರೆಯಲ್ಲಿ ಒಳ್ಳೆಯ ಜೇಡಿಮಣ್ಣು ಆಳದಲ್ಲಿರುತ್ತದೆ. ಅದಕ್ಕಾಗಿ ಗುಂಡಿಯ ಬದಿಯನ್ನು ಒಳಕ್ಕೆ ಕೊರೆಯುತ್ತಾ ಹೋಗುತ್ತಾರೆ. ಒಂದು ದಿನ ಹೊಸಬಳು, ನೀಲಿ ಇಬ್ಬರೇ ಹೋಗಿದ್ದರು. ಹೊಸಬಳು ಮಂಕರಿ ಹೊತ್ತು ಮೇಲೆ ಬಂದಳು. ಹಿಂದೆಯೇ ಬದಿ ಕುಸಿಯಿತು. ಹುಡುಗಿ ಕಾಣಲಿಲ್ಲ. ಮಣ್ಣಿನೊಳಗಿಂದ ಒಂದೇ ಒಂದು ಕೂಗು ಬಂತು. “ಅಮ್ಮಾ.”

ಕಾಗೆಯನ್ನು ಕರೆಯುತ್ತಿದ್ದ ದನಿಯೇ ಅದು. ಮಗು ಸತ್ತವಳನ್ನು ಕರೆಯುತ್ತಿದೆ ಎಂದು ಅವಳಿಗೆ ಅನ್ನಿಸಿತು. ಅನ್ನಿಸುವಷ್ಟರಲ್ಲಿ ಅವಳು ಗುಂಡಿಯೊಳಗಿದ್ದಳು. ಮೇಲಿನಿಂದ ಇನ್ನೂ ಮಣ್ಣು ಉದುರುತ್ತಿತ್ತು. ಗುದ್ದಲಿ ಹಾಕಿದರೆ ಮಗುವಿಗೆ ತಾಕೀತೆಂದು ಬರಿಗೈಯಲ್ಲಿ ಬಗೆದಳು. ಉಗುರುಗಳು ಕಿತ್ತುಬಂದವು. ಮೊದಲು ಕೂದಲು ಸಿಕ್ಕಿತು, ಆಮೇಲೆ ಹಣೆ, ಆಮೇಲೆ ಬಾಯಿ. ಬಾಯೊಳಗಿನ ಮಣ್ಣನ್ನು ಬೆರಳಿನಿಂದ ತೆಗೆದಳು. ಉಸಿರು ಬಂತು.

ನೀಲಿ ಬದುಕಿದಳು. ಅಂದು ಯಾರನ್ನು ಕರೆದೆ ಎಂದು ಅವಳು ಹುಡುಗಿಯನ್ನು ಎಂದೂ ಕೇಳಲಿಲ್ಲ.

ಗುರು ಇಷ್ಟಕ್ಕೆ ಕಥೆ ಮುಗಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಆ ಕೂಗಿನ ಮುಂದೆ ‘ಚಿಕ್ಕ’ ಇರಲಿಲ್ಲವಲ್ಲ ಗುರುಗಳೇ. ಹಾಗಾದರೆ ಅವಳು ಕರೆದದ್ದು ಯಾರನ್ನು? ಸತ್ತವಳನ್ನೋ, ಇವಳನ್ನೋ?”

“ಬಂದವಳನ್ನು” ಎಂದರು ಗುರು.